ಬಾಯ್ಲರ್ ಕೋಣೆಯ ಅಂಕಿ

ಪರದೆಯ ಮೇಲೆ ಬಾಯ್ಲರ್ ಕೋಣೆಯ ಅಂಕಿ ಸೊನ್ನೆಯಿಂದ ಒಂಬತ್ತಕ್ಕೆ ಜಿಗಿಯಿತು. ಮೀಟರ್ ಮೇಸ್ತ್ರಿ ಸಿಗರೇಟು ಹೊಸಕಿ, ಕುರ್ಚಿ ಎಳೆದುಕೊಂಡು ಕೂತ. ಸ್ವಲ್ಪ ಹೊತ್ತಿಗೆ ಅಂಕಿ ತಾನಾಗಿಯೇ ಇಳಿದು ಸೊನ್ನೆಗೆ ಬಂತು. ವಾರದಿಂದ ಇದೇ ಆಟ.

ಒಳಗೆ ಕದ್ದು ಸೇದುವ ಕಳ್ಳ ಸಿಕ್ಕಿಬಿದ್ದ ಅಂದುಕೊಂಡ.

ಕಳ್ಳ ಬೇರೆ ಯಾರೂ ಅಲ್ಲ, ಹೆಂಡತಿಯ ತಮ್ಮ. ಬಾಯ್ಲರ್‌ನ ಬೆಂಕಿ ನೋಡಿಕೊಳ್ಳುವ ಕೆಲಸ ಅವನದು. ಮ್ಯಾನೇಜರ ಕೈಕಾಲು ಹಿಡಿದು ಕೊಡಿಸಿದವನು ಮೇಸ್ತ್ರಿಯೇ. ಈಗ ಹುಡುಗನದು ದಿನಾ ಒಂದೇ ರಾಗ: ತಲೆನೋವು, ಮಂಪರು, ಕಾಲಲ್ಲಿ ಬಲವಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮ್ಯಾನೇಜರು ಎಲ್ಲರೆದುರು ನಕ್ಕಿದ್ದರು. ಮೇಸ್ತ್ರಿಗೆ ತಲೆ ಎತ್ತಲಾಗಿರಲಿಲ್ಲ.

ಹೊಗೆ ಸರಿಯಾಗಿ ಹೊರಹೋಗದಿದ್ದರೆ ಆ ಕೋಣೆಯಲ್ಲಿ ವಿಷಾನಿಲ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಮೂಸಲೆಂದೇ ಗೋಡೆಯ ಮೇಲೊಂದು ಪೆಟ್ಟಿಗೆ. ಅದು ನೆಟ್‌ವರ್ಕಿನಲ್ಲಿ ಕಳಿಸಿದ ಅಂಕಿ ಇಲ್ಲಿ ಮೇಸ್ತ್ರಿಯ ಕೋಣೆಯ ಪರದೆಯಲ್ಲಿ ಕಾಣುತ್ತದೆ. ಹೋದ ವಾರವಷ್ಟೇ ಮೇಸ್ತ್ರಿ ಹಳೆಯ ಪೆಟ್ಟಿಗೆ ಬಿಚ್ಚಿ ಹೊಸದನ್ನು ಕೂರಿಸಿದ್ದ. ಹಳೆಯದರ ಹೆಸರು, ವಿಳಾಸ, ಮಿತಿ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೊಸದಕ್ಕೆ ಇಳಿಸುವುದರಲ್ಲಿ ಅವನದು ಎತ್ತಿದ ಕೈ. ಪೆಟ್ಟಿಗೆ ಬದಲಾದದ್ದು ಪರದೆಗೂ ತಿಳಿಯಬಾರದು, ಅಷ್ಟು ನಾಜೂಕು. ಅದಕ್ಕೆಂದು ತನ್ನ ಮೇಜಿಗೆ ತಂದು ನೆಟ್‌ವರ್ಕಿಗೆ ಸಿಕ್ಕಿಸಿದ್ದ ಹಳೆಯದನ್ನು, ಹೊಸದು ಕೈಕೊಟ್ಟರೆ ಇರಲಿ ಎಂದು, ತಂತಿ ಕೀಳದೆ ಅಲ್ಲೇ ಬಿಟ್ಟಿದ್ದ. ಸದ್ಯ ಅದರ ತಲೆಯ ಮೇಲೆ ಆಶ್‌ಟ್ರೇ ಕೂತಿತ್ತು.

ಫೋನು ಬಡಿದುಕೊಂಡಿತು. ಹುಡುಗನೇ.

“ಭಾವ, ಇವತ್ತು ಯಾಕೋ ಕಣ್ಣಿಗೆ ಕತ್ತಲೆ ಕಟ್ಟಿದ ಹಾಗಾಗ್ತಿದೆ. ಹೊರಗೆ ಬಂದುಬಿಡ್ಲಾ?”

“ಒಳಗೆ ಕೂತು ಸಿಗರೇಟ್ ಸೇದಿದ್ರೆ ಇನ್ನೇನಾಗುತ್ತೆ? ನನ್ನ ಕಣ್ಣೆದುರೇ ಅಂಕಿ ಏರಿ ಇಳೀತು.”

“ಮದುವೆ ಆದ್ಮೇಲೆ ಮುಟ್ಟೇ ಇಲ್ಲ ಭಾವ. ಬೇಕಾದ್ರೆ ಅಕ್ಕನ್ನ ಕೇಳಿ.”

“ಮೀಟರ್ ಸುಳ್ಳು ಹೇಳಲ್ಲ. ಈಗ ಸೊನ್ನೆ ಇದೆ. ಸುಮ್ನೆ ಬಾಗಿಲು ಹಾಕ್ಕೊಂಡು ಕೆಲಸ ಮಾಡು, ನನ್ನ ಮರ್ಯಾದೆ ತೆಗೀಬೇಡ.”

ಆ ಕಡೆ ಬಾಗಿಲು ಎಳೆದುಕೊಂಡ ಸದ್ದಾಯಿತು.

“ಆಯ್ತು ಭಾವ. ನೀವು ಹೇಳಿದ ಮೇಲೆ ಮುಗೀತು.”

ಫೋನು ಇಟ್ಟ ಮೇಲೆ ಮೇಸ್ತ್ರಿಗೆ ಯಾಕೋ ಸಮಾಧಾನವಾಗಲಿಲ್ಲ. ಹೆಂಡತಿ ಆ ತಮ್ಮನನ್ನು ಹೆತ್ತ ಮಗನ ಹಾಗೆ ಸಾಕಿದವಳು. ಬೆಳಿಗ್ಗೆ ಹೊರಡುವಾಗಲೂ, ಅವನ ಮುಖದಲ್ಲಿ ಕಳೆಯೇ ಇಲ್ಲ, ಸ್ವಲ್ಪ ನೋಡಿಕೊಳ್ಳಿ ಎಂದಿದ್ದಳು. ಅಷ್ಟು ಗದರಬಾರದಿತ್ತು ಅನ್ನಿಸಿ ತಾನೇ ಫೋನು ಮಾಡಿದ. ಹುಡುಗ ಎತ್ತಲಿಲ್ಲ. ಇನ್ನೊಮ್ಮೆ ಮಾಡಿದ. ಉದ್ದಕ್ಕೂ ಗಂಟೆ ಬಡಿದು ನಿಂತಿತು. ಮುನಿಸಿಕೊಂಡಿರಬೇಕು. ಪರದೆ ನೋಡಿದ, ಸೊನ್ನೆ ಕದಲದೆ ನಿಂತಿತ್ತು. ಸದ್ಯ, ಕೋಣೆಯಂತೂ ಶುದ್ಧವಾಗಿದೆ ಎಂದು ಧೈರ್ಯ ತಂದುಕೊಂಡ.

ಕೈ ಮಾತ್ರ ಸುಮ್ಮನಿರಲಿಲ್ಲ. ಇನ್ನೊಂದು ಸಿಗರೇಟು ಹಚ್ಚಿ, ಉದ್ದಕ್ಕೆ ಒಂದು ದಮ್ಮು ಎಳೆದು, ಆಶ್‌ಟ್ರೇಯ ಕಡೆ ಬಾಗಿ ಹೊಗೆ ಬಿಟ್ಟ.

ಪರದೆಯ ಮೇಲೆ ಬಾಯ್ಲರ್ ಕೋಣೆಯ ಅಂಕಿ ಸೊನ್ನೆಯಿಂದ ಒಂಬತ್ತಕ್ಕೆ ಜಿಗಿಯಿತು.

ಇಡೀ ವಾರ ಪರದೆ ತೋರಿಸುತ್ತಿದ್ದುದು ಅವನ ಮೇಜಿನ ಮೇಲಿನ ಗಾಳಿಯನ್ನು.