ಅಂಗೈ ಕೆಳಗಿನ ಸಾಲು

ಮೇಷ್ಟ್ರ ಕೆಂಪು ಪೆನ್ಸಿಲ್ ತನ್ನ ಕಥೆಯ ಕೊನೆಯ ಸಾಲಿಗೆ ತಾಗುವ ಮೊದಲೇ ಹುಡುಗಿ ಅದರ ಮೇಲೆ ಅಂಗೈ ಊರಿಬಿಟ್ಟಳು. ಕಥೆ ಬರೆಯಲು ಕಲಿಯುತ್ತಿದ್ದ ಮಕ್ಕಳೆಲ್ಲ ಇತ್ತ ತಿರುಗಿದರು. ಮೇಷ್ಟ್ರಿಗೆ ಮೂಗಿನ ತುದಿಯಲ್ಲೇ ಕೋಪ. ಪತ್ರಿಕೆಗೆ ಮಕ್ಕಳ ಪುಸ್ತಕಗಳ ವಿಮರ್ಶೆ ಬರೆಯುವಾಗ ಅವರು ಮೊದಲು ಕೊನೆಯ ಪುಟ ನೋಡುವರು. ಅಲ್ಲಿ 'ಅಷ್ಟರಲ್ಲಿ ಎಚ್ಚರವಾಯಿತು' ಎಂದಿದ್ದರೆ ಬರೆದವರ ಜನ್ಮ ಜಾಲಾಡುವರು.

"ಕೈ ತೆಗಿಯಮ್ಮ. ಸತ್ತುಹೋದ ಅಜ್ಜ ಬಂದು ಸೈಕಲ್ ಕಲಿಸಿದ್ರು ಅಂತ ಎಷ್ಟು ಚೆನ್ನಾಗಿ ಬರೆದಿದ್ದೀಯ! ಕೊನೇಲಿ ಕನಸು ಅಂತ ಯಾಕೆ ತಣ್ಣೀರು ಎರಚಿದೆ?"

"ಎಚ್ಚರ ಆಗ್ಲಿಲ್ಲ ಅಂದ್ರೆ, ಅಜ್ಜ ವಾಪಸ್ ಹೋಗೋಕೆ ಇನ್ನೊಂದ್ಸಲ ಸಾಯಬೇಕಲ್ವಾ ಸರ್?" ಎಂದಳು ಹುಡುಗಿ. ಕೈ ಮಾತ್ರ ಕದಲಲಿಲ್ಲ.

ಮೇಷ್ಟ್ರಿಗೆ ತಮ್ಮ ಅವ್ವನ ನೆನಪಾಯಿತು. ಒಲೆಯ ಹೊಗೆಯ ವಾಸನೆ ಹತ್ತಿದ ಅವಳ ಮಡಿಲಲ್ಲಿ ತಲೆಯಿಟ್ಟರೆ ಕಥೆ ಶುರು. ಕಥೆಯೊಳಗಿನ ನರಿ ಹೊಳೆಗಿಳಿಯುವ ಹೊತ್ತಿಗೆ ಇವರಿಗೆ ನಿದ್ದೆ. ಅವ್ವ ಹೋಗಿಯೇಬಿಟ್ಟಳು, ಒಂದು ಕಥೆಯ ಕೊನೆಯನ್ನೂ ಇವರು ಕೇಳಲಿಲ್ಲ. ಆ ನರಿ ಇವತ್ತಿಗೂ ನಡುಹೊಳೆಯಲ್ಲಿ ಈಜುತ್ತಲೇ ಇದೆ. ಅದನ್ನು ನೆನೆದಾಗಲೆಲ್ಲ ಅವ್ವ ಪಕ್ಕದಲ್ಲೇ ಇರುತ್ತಾಳೆ.

ಮೇಷ್ಟ್ರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಹುಡುಗಿಯ ಪಕ್ಕ ಪುಟ್ಟ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತರು.

"ಅಜ್ಜ ಹೋಗ್ಲೇಬೇಕು ಅಂತ ನಿಂಗ್ಯಾರೇ ಹೇಳಿದ್ದು? ಸೈಕಲ್ ಓಡ್ತಾ ಇರೋವಾಗ್ಲೇ ಕಥೆ ನಿಲ್ಸು."

"ಆಗ ಅಜ್ಜ ಹಿಂದೆ ಸೀಟು ಹಿಡ್ಕೊಂಡೇ ಇರ್ತಾರಾ?"

"ಹ್ಞೂಂ. ಬಿಡೋದೇ ಇಲ್ಲ."

ಹುಡುಗಿ ಅಂಗೈ ಎತ್ತಿ, ತಾನೇ ರಬ್ಬರ್ ಹುಡುಕಿದಳು.