ಗೋಧಿ ಬಣ್ಣದ ಗೋಡೆ

ಟೈಲರಮ್ಮನಿಗೆ ತನ್ನ ಕಣ್ಣಿನ ಮೇಲೆ ಸಂಶಯ ಎಂಬುದೇ ಇರಲಿಲ್ಲ. ಇದ್ದ ಸಂಶಯವೆಲ್ಲ ಪೇಂಟರ್ ಪಾಲಿಗೆ ಬಂತು.

“ಏನಯ್ಯಾ, ನಿನ್ನೆ ಹಚ್ಚಿದ್ದು ಗೋಧಿ ಬಣ್ಣ. ಇವತ್ತು ಗೋಡೆ ಮೇಲಿರೋದು ಬೆಣ್ಣೆ ಬಣ್ಣ. ಡಬ್ಬಿ ಬದಲಾಯಿಸಿಬಿಟ್ಯಾ?”

“ಅದೇ ಡಬ್ಬಿ, ಅದೇ ಬಣ್ಣ ಅಮ್ಮ,” ಎಂದ ಪೇಂಟರ್, ಏಣಿಯ ಮೇಲಿಂದಲೇ.

“ನಲವತ್ತು ವರ್ಷ ಬಟ್ಟೆಗೆ ದಾರ ಹೊಂದಿಸಿದ ಕಣ್ಣಯ್ಯ ಇದು! ಬೆಣ್ಣೆ ಬೇಡ, ಗೋಧೀನೇ ಇರಲಿ ಅಂತ ಆರಿಸಿದ್ದೂ ನಾನೇ. ಇಡೀ ಕೋಣೆ ಮತ್ತೆ ಹಚ್ಚು, ನಿನ್ನ ಖರ್ಚಲ್ಲಿ. ಇಲ್ಲಾಂದ್ರೆ ಈ ಬೀದೀಲಿ ನಿನಗೆ ಇನ್ನೊಂದು ಗೋಡೆ ಸಿಗಲ್ಲ.”

ಅದು ಬರೀ ಬೆದರಿಕೆಯಲ್ಲ. ಅವಳ ಬಾಯಿ ಅವಳ ಮಷಿನ್ನಿಗಿಂತ ಜೋರಾಗಿ ಓಡುತ್ತದೆಂದು ಪೇಂಟರಿಗೆ ಗೊತ್ತಿತ್ತು. ಇಳಿದು ಬಂದು, ಅವಳು ಆರಿಸಿಕೊಟ್ಟಿದ್ದ ಬಣ್ಣದ ಮಾದರಿ ಚೀಟಿಯನ್ನು ಗೋಡೆಗೆ ಹಿಡಿದ. ಎರಡೂ ಒಂದೇ.

“ಹೋ! ಚೀಟೀನೂ ಬದಲಾಯಿಸಿದ್ದೀಯ. ಕಳ್ಳನಿಗೊಂದು ಪಿಳ್ಳೆ ನೆವ.”

ಪೇಂಟರ್ ಚೀಟಿ ತಿರುಗಿಸಿದ. ಬೆನ್ನಿಗೆ ಅವಳೇ ಬಟ್ಟೆ ಗುರುತಿನ ನೀಲಿ ಚಾಕ್‌ಪೀಸಿನಲ್ಲಿ ‘ಇದೇ’ ಎಂದು ಬರೆದಿದ್ದಳು. ಟೈಲರಮ್ಮ ಚೀಟಿ ಕಿತ್ತುಕೊಂಡು ಕಣ್ಣಿನ ಹತ್ತಿರ ಹಿಡಿದಳು. ಪೇಂಟರ್ ಈಗ ಅವಳ ಮುಖವನ್ನೇ ನೋಡುತ್ತಿದ್ದ.

“ನಿನ್ನೆ ಬಲಗಣ್ಣಿಗೆ ಪಟ್ಟಿ ಇತ್ತಲ್ಲ?”

“ಪೊರೆ ತೆಗೆದಿದ್ರು. ಬೆಳಿಗ್ಗೆ ಬಿಚ್ಚಿದ್ರು. ಎಡಗಣ್ಣು ಮುಂದಿನ ತಿಂಗಳು. ಅದಕ್ಕೂ ಗೋಡೆಗೂ ಏನು?”

“ಬಲಗಣ್ಣು ಮುಚ್ಕೊಂಡು ನೋಡಿ.”

ಸೂಜಿಗೆ ದಾರ ಪೋಣಿಸುವವಳಂತೆ ಬಲಗಣ್ಣು ಮುಚ್ಚಿದಳು. ಗೋಧಿ. ಇನ್ನೊಂದನ್ನು ಮುಚ್ಚಿದಳು. ಬೆಣ್ಣೆ. ಮತ್ತೆ ಗೋಧಿ, ಮತ್ತೆ ಬೆಣ್ಣೆ.

ಪೇಂಟರ್ ಹಲ್ಲು ಕಿರಿದ. “ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅಂತಾರೆ. ಡಾಕ್ಟರು ಪಾಪ ನಿಮಗೆ ಗೋಧಿ ಆದ್ರೂ ಕೊಟ್ಟಿದಾರೆ. ಪೊರೆ ಇರೋ ಕಣ್ಣಿಗೆ ಎಲ್ಲಾ ಹಳದಿಯಾಗೇ ಕಾಣೋದು. ಅದು ಬಂದು ಎಷ್ಟು ದಿನ ಆಗಿತ್ತಂತೆ?”

“ದಿನ ಅಲ್ಲಯ್ಯಾ. ನಾಲ್ಕು ವರ್ಷ ಅಂದ್ರು.”

ಹೇಳಿದವಳೇ ಬಣ್ಣದ ಕಲೆಯ ಸ್ಟೂಲಿನ ಮೇಲೆ ಕೂತುಬಿಟ್ಟಳು. ಹೊಲಿಸಿಕೊಂಡ ಅಂಗಿಯನ್ನು ವಾಪಸು ತಂದು, ದಾರದ ಬಣ್ಣ ಹೊಂದಿಲ್ಲ ಎಂದವರಿಗೆಲ್ಲ ಈ ನಾಲ್ಕು ವರ್ಷ ಅವಳು ಕೊಟ್ಟದ್ದು ಒಂದೇ ಉತ್ತರ: “ಮೊದಲು ನಿನ್ನ ಕಣ್ಣು ತೋರಿಸ್ಕೊಂಡು ಬಾ, ಹೋಗು.” ಹೋದವರು ಯಾರೂ ತಿರುಗಿ ಬಂದಿರಲಿಲ್ಲ.

“ಅಮ್ಮ, ಇನ್ನೊಂದು ಗೋಡೆ ಹಚ್ಚಲಾ?”

ಟೈಲರಮ್ಮ ಕೈ ಅಲ್ಲಾಡಿಸಿ ಸುಮ್ಮನಿರಿಸಿದಳು. ಹಾಗೆ ಕಳಿಸಿದವರನ್ನು ಎಣಿಸುತ್ತ ಅವಳು ಬೆರಳು ಮಡಚುತ್ತಿದ್ದಳು. ಎರಡು ಕೈಯ ಬೆರಳೂ ಮುಗಿದವು. ಹನ್ನೊಂದನೆಯವಳು ಅವಳ ಸ್ವಂತ ತಂಗಿ.