ಆಕಿಗೆ ಸೀನೀರು

ಕಲ್ಲೋಳಿಯ ಹತ್ತಿರ ಏರು ಹತ್ತುತ್ತಿದ್ದ ಬೀರಸಿದ್ದಪ್ಪನ ಕಾರು ಬುಸ್ಸೆಂದು ಆವಿ ಉಗುಳಿ ನಿಂತುಬಿಟ್ಟಿತು. ಅವನು ಖಾಲಿ ಡಬ್ಬಿ ಹಿಡಿದು, ಕಳ್ಳಿಬೇಲಿ ಸುತ್ತಿ, ಹೊಲದಲ್ಲಿದ್ದ ಒಂಟಿ ಮನೆಗೆ ಓಡಿದ. ಬೇಲಿ ಆಳೆತ್ತರ ಬೆಳೆದಿತ್ತು. ಹಾಗಾಗಿ ಅಂಗಳದಲ್ಲಿ ಮಾದಲಿ ಸಿಹಿಯ ಗಂಟು ಕಟ್ಟುತ್ತಿದ್ದ ಮುದುಕಿ ಶೆಟ್ಟೆವ್ವನಿಗೆ ಕಾರು ಕಾಣಲಿಲ್ಲ. ಕಂಡದ್ದು ಬೆವರು ಸುರಿಸುತ್ತ ಬಂದ, ಜರಿ ರುಮಾಲು ಸುತ್ತಿದ ಹುಡುಗ ಮಾತ್ರ.

“ಆಯಿ, ಒಂದೀಟು ನೀರು ಕೊಡ್ರಿ. ಆಕಿ ಭಾಳ ಕಾದಾಳ. ಮೈ ಮುಟ್ಟಾಕ ಆಗವಲ್ದು. ಬುಸುಬುಸು ಅನ್ನಾಕತ್ತಾಳ.”

“ಅಯ್ಯ ಶಿವನ! ಇಂಥಾ ಬಿಸಲಾಗ ನಡಸಿಕೊಂಡು ಬಂದೇನೋ ಆಕಿನ್ನ?”

“ಹೂಂ ಮತ್ತ, ಗೋಕಾಕದಿಂದ ನಡಸಿಕೊಂಡ ಬಂದೀನ್ರಿ.”

“ಒಂದು ಚಕ್ಕಡಿ ಕಟ್ಟಿಸಬಾರದಾಗಿತ್ತೇನು?”

“ಚಕ್ಕಡಿ ಕಟ್ಟಿದ್ರ ಆಕಿ ಮರ್ಯಾದಿ ಏನ ಉಳೀತೈತ್ರಿ ಆಯಿ?”

ಎಂಥಾ ಗಂಡಸೋ ಎಂದುಕೊಳ್ಳುತ್ತ ಶೆಟ್ಟೆವ್ವ ಹಿತ್ತಲ ಬಾವಿಯ ಕೊಡ ತಂದಿಟ್ಟಳು. ಹುಡುಗ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ಮುಖ ಕಿವುಚಿದ. “ಇದು ಸವಳು ನೀರ್ರಿ. ಆಕಿಗೆ ಸವಳು ಆಗೂದಿಲ್ಲ, ಒಳಗ ಕಲ್ಲು ಕಟ್ಟತೈತಿ. ಸೀನೀರು ಇದ್ರ ನೋಡ್ರಿ.” ಮುದುಕಿ ಕುಡಿಯುವ ನೀರಿನ ಹಂಡೆಯನ್ನೇ ತೋರಿಸಿದಳು. ಅವನು ತಲೆಯ ಮೇಲಿನ ಜರಿ ರುಮಾಲು ಸರಸರನೆ ಬಿಚ್ಚಿ, ಡಬ್ಬಿಯ ಬಾಯಿಗೆ ಹಾಸಿ, ನೀರನ್ನು ಸೋಸತೊಡಗಿದ. ಶೆಟ್ಟೆವ್ವ ನೋಡುತ್ತ ನಿಂತಳು. ಅವಳ ಗಂಡ ಬದುಕಿದ್ದಷ್ಟು ದಿನ ಅವಳಿಗೆ ಒಂದು ತಂಬಿಗೆ ನೀರು ಎತ್ತಿ ಕೊಟ್ಟವನಲ್ಲ, ಸೋಸುವುದಂತೂ ದೂರ.

“ಲಗ್ನ ಆಗಿ ಭಾಳ ದಿನ ಆಗಿಲ್ಲ ಕಾಣತೈತಿ,” ಎಂದಳು ಮೆತ್ತಗೆ.

“ಲಗ್ನ ಎಲ್ಲೀದ್ರಿ ಆಯಿ! ಈಗ ಮೂಡಲಗಿಗೆ ಹೆಣ್ಣು ನೋಡಾಕ ಹೊಂಟೀನಿ.”

“ಮತ್ತ… ಆಕಿ?”

“ಆಕಿನ್ನ ಮುಂಬೈದಾಗ ಒಬ್ಬ ವಕೀಲನ ಕಡಿಂದ ತಂದು ಇಟಗೊಂಡೀನ್ರಿ. ಆ ಮನಶ್ಯಾ ಕಂಡಕಂಡ ಎಣ್ಣಿ ಹಾಕಿ ಆಕಿ ಹೊಟ್ಟಿ ಹಾಳ ಮಾಡಿದ್ದ. ನಾ ಅಸಲಿ ಬಿಟ್ಟು ಬ್ಯಾರೆ ಮುಟ್ಟಿಸಿಲ್ಲ. ಮೂಡಲಗಿಗೆ ಎರಡ ಸಲ ಹೊಂಟಾಗೂ ಆಕಿಗೆ ಬ್ಯಾನಿ ಬಂತು. ಮುಂಬೈ ಸಾಮಾನು ಬರೂ ತನಕ ಯಾರಿಗೂ ಕೈ ಹಚ್ಚಗೊಡಲಿಲ್ಲ.”

ಶೆಟ್ಟೆವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೂಡಲಗಿಯಲ್ಲಿರುವ ಅವಳ ಮೊಮ್ಮಗಳು ಇಂದ್ರವ್ವನನ್ನು ನೋಡಲು ಬರುತ್ತೇನೆಂದು ಎರಡು ಸಲ ಅಡಿಗೆ ಮಾಡಿಸಿ, ಎರಡು ಸಲವೂ ಬಾರದ ಗೋಕಾಕದ ಕಂಬಳಿ ವ್ಯಾಪಾರಿ ಇವನೇ! ಇವತ್ತೂ ಬಾರದಿದ್ದರೆ, ಇವತ್ತೇ ಹೆಣ್ಣು ಕೇಳಲು ಬರಲಿದ್ದ ಹುಕ್ಕೇರಿಯವರಿಗೆ ಮಾತು ಕೊಡುವುದೆಂದು ಮನೆಯಲ್ಲಿ ನಿಶ್ಚಯವಾಗಿತ್ತು. ಅದನ್ನು ಕಣ್ಣಾರೆ ನೋಡಲೆಂದೇ ಅವಳೂ ಹೊರಟು ನಿಂತಿದ್ದಳು.

“ಆ ಹುಡುಗಿಗೆ ಇದು ಗೊತ್ತೈತೇನು?”

“ಊರಿಗೇ ಗೊತ್ತೈತ್ರಿ! ಆಕಿ ಬಂದ ಮ್ಯಾಲೇನ ನನಗ ಹೆಸರು ಬಂದದ್ದು. ಮದುವಿ ಆದ ಮ್ಯಾಲೂ ಬಿಡೂದಿಲ್ಲ. ಇಬ್ಬರನ್ನೂ ಒಂದ ಸವನ ನೋಡ್ಕೋತೀನಿ.”

ಶೆಟ್ಟೆವ್ವನಿಗೆ ಸಿಟ್ಟು ನೆತ್ತಿಗೇರಿತು. ಆದರೂ ಬಿಸಿಲಲ್ಲಿ ಬಾಯಾರಿ ಬಿದ್ದವಳದೇನು ತಪ್ಪು? ಒಂದು ಗಡಿಗೆ ಮಜ್ಜಿಗೆ, ಅಂಗೈಯಗಲ ಬೆಲ್ಲ, ಕುಳಿತುಕೊಳ್ಳಲು ಒಂದು ಕಂಬಳಿ ಎತ್ತಿಕೊಂಡು ಅವನ ಬೆನ್ನು ಹಿಡಿದು ನಡೆದಳು. ಮೊದಲು ಆಕೆಗೆ ಮಜ್ಜಿಗೆ, ಆಮೇಲೆ ಇವನಿಗೆ ಮಂಗಳಾರತಿ.

ಬೇಲಿ ದಾಟಿದರೆ ರಸ್ತೆಯಲ್ಲಿ ಒಂದು ಕರಿ ಕಾರು ಮಾತ್ರ. ಶೆಟ್ಟೆವ್ವ ಕಿಟಕಿಯೊಳಗೆ ಇಣುಕಿದಳು. ಬಗ್ಗಿ ಕಾರಿನ ಕೆಳಗೆ ನೋಡಿದಳು.

“ಎಲ್ಲಿ ಅದಾಳೋ?”

“ಇಲ್ಲೇ ಅದಾಳಲ್ರಿ!” ಬೀರಸಿದ್ದಪ್ಪ ಕಾರಿನ ಮೂತಿಯನ್ನು ಅಂಗವಸ್ತ್ರದಿಂದ ಮೆಲ್ಲಗೆ ಒರೆಸಿದ.

ಮುದುಕಿ ಕಂಬಳಿ ಹಾಸಿ ತಾನೇ ಕುಸಿದು ಕುಳಿತಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಬೆಲ್ಲದ ಚೂರು ಬಾಯಿಗೆ ಹಾಕಿ, ಮಜ್ಜಿಗೆಯನ್ನೂ ತಾನೇ ಅರ್ಧ ಕುಡಿದು, ಉಳಿದದ್ದನ್ನು ಅವನ ಕೈಗೆ ಕೊಟ್ಟಳು. ಅವನು ಕುಡಿದು ಮುಗಿಸಿದ ಮೇಲೆ ಹೇಳಿದಳು, “ನಾ ಇಂದ್ರವ್ವನ ಆಯಿ.”

ಬೀರಸಿದ್ದಪ್ಪನ ಕೈ ಬರಿದಾದ ತಲೆಗೆ ಹೋಯಿತು. ತಾನು ಏನೇನು ಅಂದೆನೆಂದು ಒಂದೊಂದಾಗಿ ನೆನಪಾಗಿ ಕಿವಿ ಕೆಂಪಾದವು.

“ಕೇಳಪಾ. ನಾಳೆ ನಿಮ್ಮನ್ಯಾಗ ‘ಆಕಿ’ ಅಂದ್ರ ನನ್ನ ಮೊಮ್ಮಗಳು ಒಬ್ಬಾಕಿನ ಇರಬೇಕು. ಇದಕ್ಕ ‘ಅದು’ ಅನ್ನು. ಅಂದ್ರ ಮೂಡಲಗಿಗೆ ಕೂಡೇ ಹೋಗೂನು. ಒಲ್ಲಿ ಅಂದ್ರ ಗೋಕಾಕದ ದಾರಿ ನಿನಗ ಗೊತ್ತೈತಿ.”

ಅವನು ಕಾರಿನ ಕಡೆ ಒಮ್ಮೆ ಕದ್ದು ನೋಡಿ, ಬಾಯೊಳಗೇ ಅಂದ, “ಅದು.”

“ಗಟ್ಟಿಯಾಗಿ!”

“ಅದು, ಅದು!”

ಶೆಟ್ಟೆವ್ವ ಗಂಟು ತಂದು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕುಳಿತಳು. ಅವನು ತಣಿದ ಕಾರಿಗೆ ನೀರು ಹೊಯ್ದು, ಮುಂದೆ ನಿಂತು ಅದನ್ನು ಚಾಲೂ ಮಾಡುವ ಹ್ಯಾಂಡಲು ತಿರುವಿದ. ಗರ್ ಎಂದು ಸುಮ್ಮನಾಯಿತು. ಮತ್ತೆ ತಿರುವಿದ. ಕೆಮ್ಮಲೂ ಇಲ್ಲ. ಸೂರ್ಯ ನೆತ್ತಿ ದಾಟುತ್ತಿದ್ದ. ಹುಕ್ಕೇರಿಯವರು ಎಲ್ಲಿವರೆಗೆ ಬಂದಿದ್ದರೋ! ಬೀರಸಿದ್ದಪ್ಪ ಬೆವರೊರೆಸಿಕೊಂಡು ಕಾರನ್ನು ನೋಡಿದ, ಮುದುಕಿಯನ್ನು ನೋಡಿದ. ಕಾರನ್ನು ಸವರಲು ಚಾಚಿದ ಕೈಯನ್ನು, ಮುದುಕಿ ನೋಡುತ್ತಿರುವುದು ಕಂಡು, ಹಿಂದಕ್ಕೆ ಎಳೆದುಕೊಂಡ.

ಶೆಟ್ಟೆವ್ವ ಮುಖವನ್ನು ಬೇಲಿಯ ಕಡೆ ತಿರುಗಿಸಿ, ಸೆರಗನ್ನು ಎರಡೂ ಕಿವಿಗೆ ಬಿಗಿಯಾಗಿ ಎಳೆದುಕೊಂಡಳು.

“ನನಗ ಕಿವಿ ಅಷ್ಟ ಕೇಳಸೂದಿಲ್ಲ, ತಮ್ಮಾ. ಏನರ ಹೇಳಿಕೊಳ್ಳೂದಿದ್ರ ಲಗೂನ ಹೇಳಿಕೊಂಡು ಬಿಡು.”

ಅವನು ಬಾನೆಟ್ಟಿನ ಮೇಲೆ ಬಾಗಿ ಅದೇನೋ ಪಿಸುಗುಟ್ಟಿದ. ಆಮೇಲೆ ತಿರುವಿದ ಒಂದೇ ಸುತ್ತಿಗೆ ಕಾರು ಗುಡುಗುಡು ಎಂದಿತು.